ಇನ್ನಾಸಪ್ಪ ನುಂಗುತ್ತಿದ್ದ ಸಾಲು

ಬೆಳಗೋಡಿನ ಸುತ್ತಮುತ್ತ ಇನ್ನಾಸಪ್ಪನ ಕೋಪ ನೋಡದವರು ಯಾರೂ ಇರಲಿಲ್ಲ. ಬಾಲಯೇಸು ಕೂಡ ನೋಡಿದ್ದ. ಒಂದು ಕ್ರಿಸ್‌ಮಸ್‌ಗೆ ಚರ್ಚಿನಲ್ಲಿ ಗೋದಲಿ ಕಟ್ಟುವಾಗ ಮಣ್ಣಿನ ಕುರಿಯೊಂದು ಎಷ್ಟು ಸಲ ನಿಲ್ಲಿಸಿದರೂ ಉರುಳಿ ಬೀಳುತ್ತಿತ್ತು. ಇನ್ನಾಸಪ್ಪ ಅದಕ್ಕೆ ಬುದ್ಧಿ ಕಲಿಸಲು ಹೋಗಿ ಕತ್ತನ್ನೇ ಮುರಿದ. ಆ ವರ್ಷ ದೇವರ ಕೂಸಿನ ಪಕ್ಕ ತಲೆಯಿಲ್ಲದ ಕುರಿ ನಿಂತಿತ್ತು. ಕೂಸನ್ನು ನೋಡಲು ಬಂದ ಮೂರು ರಾಯರ ಬೊಂಬೆಗಳು ಅದನ್ನು ನೋಡಿಯೂ ನೋಡದ ಹಾಗೆ ಇದ್ದವು.

ಅವನ ಕಸುಬು ಮರಗಸಿ. ಮಳೆಗಾಲಕ್ಕೆ ಮುಂಚೆ ಕಾಫಿ ತೋಟದ ನೆರಳು ಮರ ಹತ್ತಿ, ಕೊಂಬೆ ಸವರಿ, ಕೆಳಗಿನ ಗಿಡಗಳಿಗೆ ಹದವಾಗಿ ಬೆಳಕು ಬಿಡುವ ಕೆಲಸ. ಹತ್ತುವುದರಲ್ಲಿ ಮಂಗನೂ ಅವನ ಮುಂದೆ ನಾಚಬೇಕು. ಆದರೆ ಇದು ಒಬ್ಬನ ಕೈಲಾಗುವ ಕೆಲಸವಲ್ಲ. ದೊಡ್ಡ ಕೊಂಬೆಗೆ ಹಗ್ಗ ಬಿಗಿದು, ಮೇಲಿನ ಕವಲಿನಿಂದ ಹಾಯಿಸಿ, ಕೆಳಗೊಬ್ಬ ಹಿಡಿದು ಮೆಲ್ಲಗೆ ಇಳಿಸಬೇಕು. ಇಲ್ಲದಿದ್ದರೆ ಅಡಿಯ ಕಾಫಿ ಗಿಡ ಚಟ್ನಿ. ಹಗ್ಗ ಹಿಡಿಯುವವನಿದ್ದರೆ ಮಾತ್ರ ಹತ್ತುವವನಿಗೆ ಅನ್ನ. ಇನ್ನಾಸಪ್ಪನಿಗೆ ಹಗ್ಗ ಹಿಡಿಯುತ್ತಿದ್ದವನು ಶಿವು. ಚಡ್ಡಿ ಹಾಕುವ ಕಾಲದಿಂದ ಜೊತೆಗಾರ, ಮಾತು ಕಮ್ಮಿ.

ಹೋದ ಬೇಸಿಗೆಯಲ್ಲಿ ಆನೇಮಹಲ್ ಕಡೆಯ ತೋಟವೊಂದರಲ್ಲಿ ಶಿವುವಿನ ಕೈಯಿಂದ ಹಗ್ಗ ಜಾರಿತು. ಕೊಂಬೆ ಧೊಪ್ಪನೆ ಬಿದ್ದು ಫಸಲು ಕೊಡುವ ಗಿಡ ಸೀಳಿತು. ಆಳುಗಳ ಮೇಲ್ವಿಚಾರಣೆಗಿದ್ದ ರೈಟರ್ ವಸಂತ ಓಡಿಬಂದು, ಮರದ ಮೇಲಿದ್ದ ಇನ್ನಾಸಪ್ಪನಿಗೆ ಎಲ್ಲರೆದುರು ಉಗಿದ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಹಾಗೆಯೇ ಆಯಿತು. ಇನ್ನಾಸಪ್ಪ ಕೈಯಲ್ಲಿದ್ದ ಮಚ್ಚನ್ನು ಬೀಸಿ ಕೆಳಕ್ಕೆ ಒಗೆದ. ಅದು ಶಿವುವಿನ ಕಾಲಿನ ಕಿರುಬೆರಳ ತುದಿ ಸವರಿಕೊಂಡು ಮಣ್ಣಿನಲ್ಲಿ ನಾಟಿತು. ಶಿವು ಹಗ್ಗ ಸುತ್ತಿ ಮರದ ಬುಡದಲ್ಲಿಟ್ಟು ಕುಂಟುತ್ತ ಹೊರಟುಹೋದ. ಸುದ್ದಿ ಆಲೂರಿನ ತನಕ ಹಬ್ಬಿತು. ಮಚ್ಚು ಎಸೆಯುವವನ ಕೆಳಗೆ ನಿಲ್ಲಲು ಯಾರಿಗೆ ಹುಚ್ಚು ಹಿಡಿದಿದೆ? ಈ ಬೇಸಿಗೆಗೆ ಇನ್ನಾಸಪ್ಪನ ಹಗ್ಗ ಹಿಡಿಯಲು ಒಬ್ಬನೂ ಸಿಗಲಿಲ್ಲ. ಅವನೋ, ಶಿವು ಬಂದು ಕ್ಷಮೆ ಕೇಳಲಿ ಅಂತ ಕಾದು ಕೂತಿದ್ದ.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂದಾಗ ಹೆಂಡತಿ ಆರೋಗ್ಯಮ್ಮ ಅವನನ್ನು ಚರ್ಚಿನ ಫಾದರ್ ಮುಂದೆ ಪಾಪನಿವೇದನೆಗೆ ದಬ್ಬಿದಳು. ಅವನು ಹೋಗಿ ಮಂಡಿಯೂರಿ ಶಿವುವಿನ ಪಾಪಗಳನ್ನು ಸವಿಸ್ತಾರವಾಗಿ ನಿವೇದಿಸಿದ. ಇದನ್ನು ಆಮೇಲೆ ಟೀ ಅಂಗಡಿಯಲ್ಲಿ ಅವನೇ ಹೇಳಿಕೊಂಡು ಗೋಳಾಡಿದ್ದು, ಫಾದರ್ ಬಾಯಿಬಿಟ್ಟಿದ್ದಲ್ಲ. ಶಿವು ದೇವಸ್ಥಾನಕ್ಕೆ ಹೋಗುವವನು, ನನ್ನ ಗಿರಾಕಿಯಲ್ಲ, ನಿನ್ನದೇನಾದರೂ ಇದ್ದರೆ ಹೇಳಪ್ಪ ಅಂದರಂತೆ ಫಾದರ್. ಇನ್ನಾಸಪ್ಪ ಬಹಳ ಯೋಚಿಸಿ, ಬೀಡಿ ಸೇದುತ್ತೇನೆ ಅಂದನಂತೆ. ಅವರು ನಿಟ್ಟುಸಿರು ಬಿಟ್ಟು, ದಿನಾ ಪರಲೋಕದ ತಂದೆಯ ಪ್ರಾರ್ಥನೆಯನ್ನು ಒಂದು ಸಲ, ನಿಧಾನವಾಗಿ, ಪೂರ್ತಿ ಹೇಳು ಅಂದರು. ಅಗ್ಗದಲ್ಲಿ ಮುಗಿಯಿತು ಅಂದುಕೊಂಡು ಇನ್ನಾಸಪ್ಪ ಎದ್ದು ಬಂದ.

ನಿಧಾನವಾಗಿ ಹೇಳತೊಡಗಿದ ಮೇಲೆ ತೊಂದರೆ ಶುರುವಾಯಿತು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆಯೇ ನಮ್ಮನ್ನೂ ಕ್ಷಮಿಸು ಅನ್ನುವ ಮಾತೊಂದು ನಡುವೆ ಕೂತಿದೆಯಲ್ಲ! ಶಿವುವನ್ನು ತಾನು ಕ್ಷಮಿಸಿದ ಹಾಗೆ ದೇವರು ತನ್ನನ್ನು ಕ್ಷಮಿಸಿದರೆ ನರಕದ ಬಾಗಿಲು ತೆರೆದೇ ಇರುತ್ತದೆ ಅಂತ ಅವನಿಗೆ ಹೊಳೆಯಿತು. ಕೋಪಿಷ್ಠನಾದರೂ ದೇವರಿಗೆ ಸುಳ್ಳು ಹೇಳುವವನಲ್ಲ. ಹಾಗಾಗಿ ಆ ಸಾಲು ಬಂದ ಕೂಡಲೇ ಕೆಮ್ಮುತ್ತಿದ್ದ. ಊರಿಗೆಲ್ಲ ಕೆಮ್ಮು ಶೀತದಿಂದ ಬಂದರೆ ನನ್ನ ಗಂಡನಿಗೆ ಪ್ರಾರ್ಥನೆಯಿಂದ ಬರುತ್ತದೆ ಅಂತ ಆರೋಗ್ಯಮ್ಮ ಗುರುತಿಟ್ಟುಕೊಂಡಳು.

ಈಸ್ಟರ್ ಕಳೆದರೂ ಆಳು ಸಿಗದೆ, ಕೊನೆಗೆ ಅವಳೇ ಸೆರಗು ಸಿಕ್ಕಿಸಿ ಹಗ್ಗ ಹಿಡಿದಳು. ಇನ್ನಾಸಪ್ಪ ಬಸರಿ ಮರವೊಂದನ್ನು ಹತ್ತಿ ಕೊಂಬೆ ಕಡಿದ. ಕೊಂಬೆ ಹಗ್ಗಕ್ಕೆ ನೇತುಬಿತ್ತು. ಆರೋಗ್ಯಮ್ಮ ಇಳಿಸಲಿಲ್ಲ. ಹಗ್ಗವನ್ನು ಪಕ್ಕದ ಮರಕ್ಕೆ ಸುತ್ತಿ ಬಿಗಿದು, ಮತ್ತೆ ಬುಡಕ್ಕೆ ಬಂದು ನಿಂತಳು.

"ಕೆಮ್ಮದೆ ಒಂದ್ಸಲ ಪೂರ್ತಿ ಹೇಳು. ಆಮೇಲೆ ಬುಡ್ತೀನಿ," ಅಂದಳು.

ಇನ್ನಾಸಪ್ಪನಿಗೆ ನೆತ್ತಿಗೇರಿತು. ಅವಳ ತವರಿನವರನ್ನೆಲ್ಲ ಹೆಸರು ಹಿಡಿದು ಬೈದ. ಅವಳು ಕದಲಲಿಲ್ಲ. ಮಚ್ಚು ಹಿಡಿದ ಕೈ ತಾನಾಗಿಯೇ ಮೇಲೆದ್ದಿತು. ಆಗ ಕೆಳಗೆ ನೋಡಿದ. ಅವಳ ಬೈತಲೆ ಕಂಡಿತು. ನಡುವೆ ಕೂದಲು ಉದುರಿ ಬೆಳ್ಳಗಾಗಿದ್ದ ನೆತ್ತಿ, ಅಷ್ಟು ಎತ್ತರದಿಂದ ಅಡಿಕೆಯಷ್ಟೇ. ಶಿವುವೂ ಹೀಗೆಯೇ ಕೆಳಗೆ ನಿಂತಿದ್ದ. ಇನ್ನಾಸಪ್ಪ ಮಚ್ಚನ್ನು ಕೊಂಬೆಗೆ ಕಚ್ಚಿಸಿ, ಮರ ತಬ್ಬಿಕೊಂಡ. ಅವತ್ತು ಮಚ್ಚು ಒಂದು ಗೇಣು ಅತ್ತಿತ್ತ ಆಗಿದ್ದರೆ ತಾನು ಕೊಲೆಗಾರ. ಹಾಗೇ ತಬ್ಬಿಕೊಂಡು ಪ್ರಾರ್ಥನೆ ಶುರುಮಾಡಿದ. ಆ ಸಾಲು ಬಂದಾಗ ಕೆಮ್ಮು ಬರಲಿಲ್ಲ, ಅಳು ಬಂತು. ಶಿವುವನ್ನು ಕ್ಷಮಿಸಲು ಅಲ್ಲಿ ಏನೂ ಇರಲಿಲ್ಲ. ಇದ್ದ ತಪ್ಪೆಲ್ಲ ತನ್ನದೇ ಆಗಿತ್ತು.

ತಪ್ಪೊಪ್ಪಿಕೊಳ್ಳಲು ಸಂಜೆ ಶಿವುವಿನ ಮನೆಗೆ ಹೋದ. ಹೋದವನು ಕಾಡಾನೆ ವಿಷಯ ಮಾತಾಡಿದ, ಹಲಸಿನಕಾಯಿ ವಿಷಯ ಮಾತಾಡಿದ. ಶಿವುವಿನ ಕಾಲಿನ ಕಡೆ ಮಾತ್ರ ನೋಡಲಿಲ್ಲ. ಶಿವು ಎಲ್ಲ ಕೇಳಿಸಿಕೊಂಡು, ನಾಳೆ ಬರುತ್ತೇನೆ, ಆದರೆ ಹತ್ತುವುದು ನಾನು, ಹಗ್ಗ ನಿನ್ನದು ಅಂದ.

ಮರುದಿನ ಅದೇ ಆನೇಮಹಲ್ ಕಡೆಯ ತೋಟದಲ್ಲಿ ಇನ್ನಾಸಪ್ಪ ಜೀವನದಲ್ಲಿ ಮೊದಲ ಸಲ ಕೆಳಗೆ ನಿಂತ. ಕೊಂಬೆಯ ಭಾರ ಹಗ್ಗಕ್ಕೆ ಬಿದ್ದದ್ದೇ, ಅಂಗೈ ಉರಿದು ಹಗ್ಗ ಸರ್ರನೆ ಜಾರಿತು. ಮೈಮರೆತಿರಲಿಲ್ಲ, ಗಟ್ಟಿಯಾಗಿಯೇ ಹಿಡಿದಿದ್ದ. ಆದರೂ ಜಾರಿತು. ಫಸಲಿನ ಗಿಡ ಬುಡ ಸಮೇತ ಸೀಳಿಹೋಯಿತು. ವಸಂತ ಓಡಿಬಂದು ಯಾರು ಬಿಟ್ಟಿದ್ದು ಅಂತ ಕೂಗಿದ. ನಾನೇ ಅಂದ ಇನ್ನಾಸಪ್ಪ. ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡ. ವಸಂತ ಹೋದ ಮೇಲೆ, ಸುಲಿದ ಅಂಗೈಗಳನ್ನು ಪಂಚೆಗೆ ಒರೆಸಿ, ಕತ್ತೆತ್ತಿದ. ಮೇಲೆ ಶಿವು ಮಚ್ಚು ಹಿಡಿದು ಅವನನ್ನೇ ನೋಡುತ್ತಿದ್ದ.

"ಶಿವು, ಅವತ್ತು ನಿಂದು ತಪ್ಪಿರ್ಲಿಲ್ಲ ಕಣೋ. ನಂದು."

ಶಿವು ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿದ.

"ಗೊತ್ತೈತೆ," ಅಂದ ಶಿವು. "ಕೈಗೆ ಬಟ್ಟೆ ಸುತ್ಕೊಂಡು ಹಿಡ್ಕ. ಇನ್ನೊಂದು ಕೊಂಬೆ ಐತೆ."