ಖಾಲಿ ವೇದಿಕೆಯ ಮೈಕಿನಲ್ಲಿ ಉಸಿರು

ಹೆಡ್‌ಫೋನಿನಲ್ಲಿ ಯಾರೋ ಉಸಿರಾಡುತ್ತಿದ್ದರು. ಹಲಸೂರಿನ ಕಲ್ಯಾಣ ಮಂಟಪದಲ್ಲಿ ಮಧ್ಯಾಹ್ನ ನಾನೊಬ್ಬನೇ ಕೂತು ಸಂಜೆಯ ಆರತಕ್ಷತೆಗೆ ಹಲೋ ಹಲೋ ಎನ್ನುತ್ತ ಮೈಕುಗಳ ಮಟ್ಟ ಹೊಂದಿಸುತ್ತಿದ್ದೆ. ವೇದಿಕೆ ಖಾಲಿಯಿತ್ತು. ಅಲ್ಲಿನ ಮೈಕು ಸಣ್ಣ ಸದ್ದನ್ನೂ ಹಿಡಿಯಲೆಂದು ಅದರ ಗೇನ್ ಇನ್ನಷ್ಟು ಏರಿಸಿದೆ. ಸುಯ್ಯೆನ್ನುವ ಸದ್ದಿನ ನಡುವೆ ಹೆಣ್ಣುದನಿಯೊಂದು, “ಓ... ಇಲ್ಲಿದ್ದೀನಿ” ಎಂದಿತು. ಹೆಡ್‌ಫೋನ್ ತೆಗೆದರೆ ಏನೂ ಕೇಳಿಸಲಿಲ್ಲ. ಬಾಗಿಲ ಕಡೆ ಓಡಲು ಎದ್ದವನು, ಹೇಗೋ ಧೈರ್ಯ ಮಾಡಿ ವೇದಿಕೆಯ ಹಿಂದಿನ ಪರದೆ ಸರಿಸಿದೆ. ಮಂಟಪ ಗುಡಿಸುವ ಅಜ್ಜಿ ಏಣಿಯಿಂದ ಬಿದ್ದು, ಕಾಲು ಮುರಿದುಕೊಂಡು ಮಲಗಿದ್ದರು. ಕೂಗಿ ಕೂಗಿ ದನಿ ಬಿದ್ದುಹೋಗಿತ್ತು.

ಆಸ್ಪತ್ರೆಗೆ ಹೋಗುವಾಗ ಆಟೊದಲ್ಲಿ ನನ್ನ ಕೈ ಹಿಡಿದು, “ನೀನು ಹಲೋ ಹಲೋ ಅಂದಾಗೆಲ್ಲ ನಾನು ಓ ಅಂತಾನೇ ಇದ್ದೆ ಕಣಪ್ಪ” ಎಂದರು.

ಈಗ ಎಲ್ಲಿ ಹೋದರೂ ಮೈಕಿಗೆ ಹಲೋ ಎಂದ ಮೇಲೆ, ಯಾರಾದರೂ ಓಗೊಟ್ಟಾರೇನೋ ಎಂದು ಒಂದು ಗಳಿಗೆ ಸುಮ್ಮನಿರುತ್ತೇನೆ.