ಅರಸೀಕೆರೆಯಲ್ಲಿ ನಿಲ್ಲಿಸಲಾಗದಿದ್ದ ಸರ್ವರ್

೨೦೦೯ರ ಬೇಸಿಗೆ. ಹಾಸನದ ಒಂದು ಸಣ್ಣ ಕಂಪನಿಯಲ್ಲಿ ನಾನು ಸಿಸ್ಟಂ ಎಂಜಿನಿಯರ್ ಆಗಿದ್ದೆ. ಅರಸೀಕೆರೆಯ ಒಂದು ಖಾಸಗಿ ಆಸ್ಪತ್ರೆಯ ಕಂಪ್ಯೂಟರುಗಳ ಹೊಣೆ ನನ್ನ ಮೇಲಿತ್ತು. ಬೇಲೂರು ಮತ್ತು ಹಳೇಬೀಡಿನಲ್ಲಿ ಆ ಆಸ್ಪತ್ರೆಯ ಎರಡು ಕ್ಲಿನಿಕ್‌ಗಳಿದ್ದವು. ಅಲ್ಲಿ ತೆಗೆದ ಇಸಿಜಿ ಅರಸೀಕೆರೆಯ ಸರ್ವರ್‌ಗೆ ಬರುತ್ತಿತ್ತು. ಹೃದಯತಜ್ಞೆ ಡಾ. ವಸುಂಧರಾ ತಮ್ಮ ಕೋಣೆಯಲ್ಲೇ ಅದನ್ನು ನೋಡಿ ಫೋನಿನಲ್ಲಿ ಚಿಕಿತ್ಸೆ ಹೇಳುತ್ತಿದ್ದರು.

ಆ ಸರ್ವರ್ ಒಂದು ವರ್ಚುವಲ್ ಮಷೀನ್. ಅಂದರೆ ದೊಡ್ಡ ಕಂಪ್ಯೂಟರೊಂದರ ಒಳಗೆ ಸಾಫ್ಟ್‌ವೇರ್ ರೂಪದಲ್ಲಿ ಓಡುವ ಕಂಪ್ಯೂಟರ್. ಹೊರಗಿನ ದೊಡ್ಡ ಯಂತ್ರವನ್ನು ಹೋಸ್ಟ್ ಎನ್ನುತ್ತೇವೆ. ಹೋಸ್ಟ್ ಕೆಟ್ಟರೆ ಒಳಗಿರುವುದೂ ನಿಂತಂತೆಯೇ. ಅದಕ್ಕೇ ಆಸ್ಪತ್ರೆಯವರು ಎರಡನೆಯ ಹೋಸ್ಟ್ ತರಿಸಿದ್ದರು. ಎರಡಕ್ಕೂ ಸೇರಿ ಒಂದೇ ಡಿಸ್ಕ್ ಪೆಟ್ಟಿಗೆ, ಅಂದರೆ ಶೇರ್ಡ್ ಸ್ಟೋರೇಜ್ ಇದ್ದರೆ, ಓಡುತ್ತಿರುವ ಸರ್ವರನ್ನು ನಿಲ್ಲಿಸದೆಯೇ ಒಂದರಿಂದ ಇನ್ನೊಂದಕ್ಕೆ ಸಾಗಿಸಬಹುದು. ಡಿಸ್ಕ್ ಇದ್ದಲ್ಲೇ ಇರುತ್ತದೆ, ಮೆಮೊರಿ ಮಾತ್ರ ನೆಟ್‌ವರ್ಕ್ ಮೂಲಕ ಹೋಗುತ್ತದೆ. ನಾನು ಆಗ ಅರಸೀಕೆರೆಗೆ ಬಂದಿದ್ದದ್ದು ಇದನ್ನು ಸಜ್ಜುಗೊಳಿಸಲು. ಸರ್ವರಿನ ಡಿಸ್ಕನ್ನು ಹಿಂದಿನ ದಿನವೇ ಪೆಟ್ಟಿಗೆಗೆ ಸೇರಿಸಿದ್ದೆ. ಹೊಸ ಹೋಸ್ಟ್‌ನ ಕೆಲಸ ಅರ್ಧದಲ್ಲಿತ್ತು.

ಆ ದಿನ ಊಟದ ಹೊತ್ತಿಗೆ ಹಳೆಯ ಹೋಸ್ಟ್ ಕೂಗತೊಡಗಿತು. ಒಳಗಿನ ಫ್ಯಾನ್ ಕೆಟ್ಟು ಪ್ರೊಸೆಸರ್‌ನ ಶಾಖ ಏರುತ್ತಿತ್ತು. ಒಂದು ಮಿತಿ ದಾಟಿದರೆ ಯಂತ್ರ ತಾನಾಗಿಯೇ ಆರಿಹೋಗುತ್ತದೆ. ಅದಕ್ಕೆ ಮೊದಲೇ ಸರ್ವರನ್ನು ಕ್ರಮವಾಗಿ ನಿಲ್ಲಿಸಲು ಒಪ್ಪಿಗೆ ಕೇಳೋಣವೆಂದು ಡಾಕ್ಟರ ಕೋಣೆಗೆ ಓಡಿದೆ.

ಅವರು ಸ್ಪೀಕರ್ ಫೋನಿನಲ್ಲಿ ಹಳೇಬೀಡಿನೊಂದಿಗೆ ಮಾತಾಡುತ್ತಿದ್ದರು. ಹಗರೆ ಊರಿನ ಹಾಲಿನ ವ್ಯಾನ್ ಚಾಲಕ ರುದ್ರೇಶ್ ದಾರಿಯಲ್ಲಿ ಎದೆನೋವು ಬಂದು, ತಾನೇ ವ್ಯಾನ್ ಓಡಿಸಿಕೊಂಡು ಅಲ್ಲಿನ ಕ್ಲಿನಿಕ್ ಸೇರಿದ್ದ.

“ಡಾಕ್ಟ್ರೇ, ವ್ಯಾನ್ ಬಿಸಿಲಲ್ಲಿ ನಿಂತೈತೆ. ಹಾಲು ಒಡೆದೋಯ್ತದೆ,” ಎಂಬ ಅವನ ದನಿ ಕೇಳಿಸಿತು.

“ಹಾಲು ಹೋದ್ರೆ ಹೋಗ್ಲಿ ಕಣಪ್ಪ, ನೀನು ಮಾತ್ರ ಅಲುಗಾಡಬೇಡ,” ಎಂದ ಡಾಕ್ಟರ್ ನನ್ನ ಮಾತು ಕೇಳಿ ಬೇಡವೆಂದು ತಲೆಯಾಡಿಸಿದರು. “ಈಗ ನಿಲ್ಲಿಸ್ಬೇಡಿ ಗಾಯತ್ರಿ. ಇವನ ಹಳೇ ಇಸಿಜಿಗಳೆಲ್ಲ ಇದರಲ್ಲಿವೆ, ಹೊಸವು ಒಂದೊಂದೇ ಬರ್ತಿವೆ. ಪಕ್ಕಪಕ್ಕ ಇಟ್ಟು ನೋಡದೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋಕಾಗಲ್ಲ. ಬೇಡದವನಿಗೆ ಕೊಟ್ರೆ ರಕ್ತಸ್ರಾವ ಆಗಬಹುದು.”

ನಿಲ್ಲಿಸದೆ ಸಾಗಿಸುವುದೊಂದೇ ದಾರಿ. ಆಸ್ಪತ್ರೆಯ ಮ್ಯಾನೇಜರ್ ಶಿವಪ್ರಕಾಶ್ ಎಲ್ಲಿಂದಲೋ ಟೇಬಲ್ ಫ್ಯಾನ್ ತಂದು, ಮುಚ್ಚಳ ತೆಗೆದ ಹಳೆಯ ಹೋಸ್ಟ್‌ನ ಮುಂದೆ ಹಿಡಿದು ನಿಂತರು. ನಾನು ಕಮಾಂಡ್ ಕೊಟ್ಟೆ. ಹೊಸ ಹೋಸ್ಟ್ ಡಿಸ್ಕ್ ಸಿಗುತ್ತಿಲ್ಲ ಎಂದಿತು. ಸ್ಟೋರೇಜ್ ಎರಡೂ ಹೋಸ್ಟ್‌ಗಳಲ್ಲಿ ಒಂದೇ ಹೆಸರಿನ ಫೋಲ್ಡರಿನಲ್ಲಿ ಕಾಣಬೇಕು; ಹೊಸದರಲ್ಲಿ ಪರೀಕ್ಷೆಗೆಂದು ಬೇರೆ ಫೋಲ್ಡರಿಗೆ ಜೋಡಿಸಿದ್ದೆ. ಸರಿಪಡಿಸಿದೆ. ಈ ಸಲ ಬರೆಯುವ ಅನುಮತಿ ಇಲ್ಲವೆಂದಿತು. ಪೆಟ್ಟಿಗೆ ಇನ್ನೂ ಹಳೆಯ ಹೋಸ್ಟ್‌ಗೆ ಮಾತ್ರ ಬರೆಯಲು ಬಿಡುತ್ತಿತ್ತು. ಆ ಅನುಮತಿಯ ಸಾಲನ್ನು ನಿಧಾನವಾಗಿ ತಿದ್ದಿದೆ. ಒಂದು ಅಕ್ಷರ ತಪ್ಪಿದರೂ ಓಡುತ್ತಿರುವ ಸರ್ವರಿನ ಕಾಲ ಕೆಳಗಿನ ಡಿಸ್ಕೇ ಕಳಚಿಹೋಗುತ್ತಿತ್ತು. ಬರೆದದ್ದನ್ನು ಗಟ್ಟಿಯಾಗಿ ಓದಿಕೊಂಡು ಜಾರಿಗೆ ತಂದೆ. ಹೊಸ ಹೋಸ್ಟ್‌ನಿಂದ ಒಂದು ಪುಟ್ಟ ಫೈಲ್ ಬರೆದು, ಅದು ಹಳೆಯದರಲ್ಲೂ ಕಂಡ ಮೇಲೆ ಮತ್ತೆ ಕಮಾಂಡ್ ಕೊಟ್ಟೆ.

ಸಾಗಣೆ ಶುರುವಾಯಿತು. ಅರ್ಧ ದಾಟಿ, ಮುಕ್ಕಾಲು ದಾಟಿ, ಕೊನೆಯ ಹಂತದಲ್ಲಿ ತೆವಳತೊಡಗಿತು. ಇಸಿಜಿ ಬಂದಂತೆಲ್ಲ ಸರ್ವರಿನ ಮೆಮೊರಿ ಬದಲಾಗುತ್ತಿತ್ತು. ಬದಲಾದಷ್ಟನ್ನು ಮತ್ತೆ ಕಳಿಸಬೇಕಿತ್ತು. ಶಾಖದ ಅಂಕಿ ಮಿತಿಯ ಹತ್ತಿರವಿತ್ತು.

“ಮೇಡಂ, ಹೊಸದ್ರಲ್ಲೂ ಸರ್ವರ್ ಆನ್ ಮಾಡಿಬಿಡಿ. ಹಳೇದು ಕೆಟ್ರೆ ಅದಾದ್ರೂ ಇರ್ತದೆ,” ಎಂದರು ಶಿವಪ್ರಕಾಶ್. ಅವರ ಅಂಗಿ ಬೆವರಿನಲ್ಲಿ ತೊಯ್ದಿತ್ತು.

ಆ ಕ್ಷಣಕ್ಕೆ ಅದು ಸರಿಯೆಂದೇ ಅನ್ನಿಸಿತು. ಬೆರಳು ಕೀಲಿಮಣೆಯ ಮೇಲೇ ಇತ್ತು. ಆದರೆ ಒಂದೇ ಡಿಸ್ಕಿಗೆ ಎರಡು ಕಡೆಯಿಂದ ಸರ್ವರ್ ಬರೆಯತೊಡಗಿದರೆ ಒಂದು ಬರೆದದ್ದನ್ನು ಇನ್ನೊಂದು ಅಳಿಸುತ್ತದೆ. ರುದ್ರೇಶನದಷ್ಟೇ ಅಲ್ಲ, ಎಲ್ಲ ರೋಗಿಗಳ ದಾಖಲೆಯೂ ಹಾಳಾಗುತ್ತದೆ.

“ಬೇಡ ಸರ್. ಎರಡೂ ಸೇರಿ ಡಿಸ್ಕನ್ನೇ ಕೆಡಿಸ್ತವೆ. ಕಾಯೋಣ,” ಎಂದು ಕೈ ಹಿಂದೆಗೆದೆ. ಅವರು ಫ್ಯಾನನ್ನು ಇನ್ನಷ್ಟು ಹತ್ತಿರ ಹಿಡಿದರು. ಕಾಯುವುದು ಅಷ್ಟು ಕಷ್ಟದ ಕೆಲಸವೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕೊನೆಗೆ ಹಳೆಯ ಹೋಸ್ಟ್‌ನ ಪಟ್ಟಿಯಿಂದ ಸರ್ವರಿನ ಹೆಸರು ಮಾಯವಾಗಿ ಹೊಸದರಲ್ಲಿ ಕಾಣಿಸಿತು. ಸ್ವಲ್ಪ ಹೊತ್ತಿಗೆ ಹಳೆಯ ಯಂತ್ರ ತಾನಾಗಿಯೇ ಆರಿತು.

ಡಾಕ್ಟರ ಕೋಣೆಗೆ ಹೋದಾಗ ಅವರು, “ಇಸಿಜಿಲಿರೋ ಬದಲಾವಣೆ ಹೊಸದೇ. ಇಂಜೆಕ್ಷನ್ ಕೊಟ್ಟು ಹಾಸನಕ್ಕೆ ಕಳಿಸಿ,” ಎಂದು ಹಳೇಬೀಡಿನ ವೈದ್ಯರಿಗೆ ಹೇಳುತ್ತಿದ್ದರು. ಸರ್ವರ್ ಬೇರೆ ಯಂತ್ರಕ್ಕೆ ಹೋಯಿತೆಂದು ತಿಳಿಸಿದೆ.

“ಹೌದಾ? ಯಾವಾಗ?” ಎಂದರು.

ರುದ್ರೇಶ್ ಬದುಕಿಕೊಂಡ. ಕೆಲವು ತಿಂಗಳ ನಂತರ ಅವನು ಅರಸೀಕೆರೆಗೆ ತಪಾಸಣೆಗೆ ಬಂದಿದ್ದಾಗ ದೂರದಿಂದ ನೋಡಿದೆ. ಹೆಂಡತಿಯ ಜೊತೆ ಬೆಂಚಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದ.

ಆಮೇಲೆ ಎಷ್ಟೋ ಕಡೆ ಈ ಕೆಲಸ ಮಾಡಿದೆ. ಎರಡೂ ಹೋಸ್ಟ್‌ಗೆ ಸ್ಟೋರೇಜ್ ಕಾಣುತ್ತಿದೆ, ಎಲ್ಲ ಮುಗಿದಿದೆ ಎಂದು ಕಿರಿಯರು ಬಂದು ಹೇಳಿದಾಗ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಜನ ಕೆಲಸ ಮಾಡ್ತಿರೋವಾಗ ಒಂದ್ಸಲ ಸಾಗಿಸಿ ನೋಡಿದ್ರಾ?”