ಹುಮನಾಬಾದಿನ ಕಣ್ಣಿನ ಶಿಬಿರದಲ್ಲಿ ಸಾಲು ತಪ್ಪಿದ ಪಟ್ಟಿ

೧೯೭೮ರ ಚಳಿಗಾಲದಲ್ಲಿ ನಾನು ಹುಮನಾಬಾದಿನಲ್ಲಿ ಆರೋಗ್ಯ ಇಲಾಖೆಯ ಕಂಪ್ಯೂಟರ್ ಆಗಿದ್ದೆ. ನಗಬೇಡಿ, ಆಗ ಅದು ಯಂತ್ರದ ಹೆಸರಲ್ಲ, ಹುದ್ದೆಯ ಹೆಸರು. ಊರೂರಿನಿಂದ ಬಂದ ಮಾಹಿತಿಯನ್ನು ಅಗಲವಾದ ಹಾಳೆಗಳ ಮೇಲೆ ಅಡ್ಡಸಾಲು, ಉದ್ದಸಾಲುಗಳಲ್ಲಿ ತುಂಬಿ, ಕೂಡಿಸಿ, ತಾಳೆ ನೋಡಿ ಮೇಲಿನವರಿಗೆ ಕಳಿಸುವುದು ಕೆಲಸ. ಈಗಿನ ಹುಡುಗರು ಸ್ಪ್ರೆಡ್‌ಶೀಟ್ ಎನ್ನುವುದನ್ನು ನಾವು ಪೆನ್ಸಿಲ್, ಅಡಿಪಟ್ಟಿ ಮತ್ತು ರಬ್ಬರಿನಿಂದ ಮಾಡುತ್ತಿದ್ದೆವು. ಅದನ್ನು ಚುರುಕಾಗಿ ಮಾಡುವ ಉಪಾಯ ಹೇಳಿ ಎಂದು ಈಗಲೂ ಕೆಲವರು ಕೇಳುತ್ತಾರೆ. ಕೇಳಿದವರಿಗೆಲ್ಲ ನಾನು ಈ ಶಿಬಿರದ ಕಥೆಯನ್ನೇ ಹೇಳುತ್ತೇನೆ.

ಹೆದ್ದಾರಿಗೆ ಹತ್ತಿಕೊಂಡಿದ್ದ ಒಂದು ಶಾಲೆಯಲ್ಲಿ ಕಣ್ಣಿನ ಪೊರೆ ತೆಗೆಯುವ ಉಚಿತ ಶಿಬಿರ ನಡೆದಿತ್ತು. ಮೊದಲ ದಿನ ತಪಾಸಣೆ, ಮರುದಿನ ಆಪರೇಷನ್. ಗುಲಬರ್ಗಾದಿಂದ ಬರುವ ಸರ್ಜನ್ನರು ಆ ಒಂದು ದಿನ ಮಾತ್ರ ಇರುವವರು. ಲಾರಿಗಳ ಸದ್ದಿಗೆ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು, ನನ್ನ ತಲೆಯೂ ಹಾಗೆಯೇ ಇತ್ತು. ನಾನು ಮೊದಲೇ ಕೂತಲ್ಲಿ ಕೂರುವವಳಲ್ಲ. ಎಲ್ಲವೂ ಸರಿಯಾಗಿ ನಡೆದಿದ್ದರೆ ಇನ್ನೂ ಹೆಚ್ಚು ಚಡಪಡಿಸುತ್ತೇನೆ.

ಜಿಲ್ಲೆಯಿಂದ ಅಚ್ಚಾಗಿ ಬಂದಿದ್ದ ಖಾಲಿ ಪಟ್ಟಿ ಒಂದು ಹಾಳೆಯಲ್ಲಿ ಹಿಡಿಯದಷ್ಟು ಅಗಲವಾಗಿತ್ತು. ಹಾಗಾಗಿ ಎರಡು ಹಾಳೆ. ಎಡಗಡೆಯದರಲ್ಲಿ ಕ್ರಮಸಂಖ್ಯೆ, ಹೆಸರು, ವಯಸ್ಸು, ಊರು. ಬಲಗಡೆಯದರಲ್ಲಿ ಯಾವ ಕಣ್ಣು, ರಕ್ತದೊತ್ತಡ ಎಷ್ಟು, ಮೂತ್ರದಲ್ಲಿ ಸಕ್ಕರೆ ಇದೆಯೇ ಎಂಬುದು. ಪಕ್ಕಪಕ್ಕ ಇಟ್ಟರೆ ಒಬ್ಬರ ಸಾಲು ಈ ಹಾಳೆಯಿಂದ ಆ ಹಾಳೆಗೆ ನೇರ ಓಡುತ್ತದೆ. ಆದರೆ ಬಲಗಡೆಯ ಹಾಳೆಯಲ್ಲಿ ಹೆಸರೂ ಇಲ್ಲ, ಸಂಖ್ಯೆಯೂ ಇಲ್ಲ. ಬಂದವರನ್ನು ಬಂದ ಕ್ರಮದಲ್ಲೇ ಬರೆಯುತ್ತ ಸಂಜೆಯ ಹೊತ್ತಿಗೆ ಎಪ್ಪತ್ತರ ಹತ್ತಿರ ಸಾಲು ತುಂಬಿಸಿದೆವು.

ಈ ಸಕ್ಕರೆಯ ವಿಷಯ ಸ್ವಲ್ಪ ಹೇಳಬೇಕು. ಗಾಜಿನ ಕೊಳವೆಯಲ್ಲಿ ಬೆನೆಡಿಕ್ಟ್ ಎಂಬ ನೀಲಿ ದ್ರಾವಣಕ್ಕೆ ಕೆಲವು ಹನಿ ಮೂತ್ರ ಹಾಕಿ ಕಾಯಿಸುತ್ತಿದ್ದೆವು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿಯಾದರೆ ಇದೆ, ಇಟ್ಟಿಗೆ ಕೆಂಪಾದರೆ ಬಹಳ ಇದೆ. ಅಂಥವರ ಗಾಯ ಬೇಗ ಮಾಯುವುದಿಲ್ಲ, ಕೀವಾದರೆ ಕಣ್ಣೇ ಹೋಗಬಹುದು. ಸಕ್ಕರೆ ಹತೋಟಿಗೆ ಬರುವವರೆಗೆ ಅವರಿಗೆ ಆಪರೇಷನ್ ಮಾಡುತ್ತಿರಲಿಲ್ಲ.

ಊಟ, ಹಾಸಿಗೆಯ ಜವಾಬ್ದಾರಿ ಹೊತ್ತವರು ಊರಿನ ಬಟ್ಟೆ ವ್ಯಾಪಾರಿ ಶಿವರಾಜಪ್ಪ. ದೇವರಂಥ ಮನುಷ್ಯ, ಸೇವೆ ಎಂದರೆ ಅಂಗಡಿಯ ಬಾಗಿಲು ಹಾಕಿ ಬರುವವರು. ಅವರ ಒಳ್ಳೆಯತನವೇ ನಮ್ಮನ್ನು ಮುಳುಗಿಸುವುದರಲ್ಲಿತ್ತು. ಆ ಸಂಜೆ ನಾನು ಮನೆಗೆ ಹೋದ ಮೇಲೆ ಹಳ್ಳಿಗಳಿಂದ ಬಂದವರು ತಕರಾರು ತೆಗೆದರಂತೆ. ಗುರುತಿಲ್ಲದವರ ನಡುವೆ ಮಲಗುವುದಿಲ್ಲ, ಘಾಟಬೋರಾಳದವರು ಒಂದು ಕಡೆ, ಮನ್ನಾಏಖೇಳ್ಳಿಯವರು ಒಂದು ಕಡೆ ಆಗಬೇಕು ಎಂದರಂತೆ. ಕಣ್ಣು ಕಾಣದವರಿಗೆ ಪಕ್ಕದಲ್ಲಿ ಕೇಳಿದ ದನಿಯೊಂದು ಬೇಕು, ಅದು ಸಹಜವೇ. ಶಿವರಾಜಪ್ಪ ಎಡಗಡೆಯ ಹಾಳೆಯನ್ನು ತೆಗೆದುಕೊಂಡು, ಅಂಗಡಿಯ ಕತ್ತರಿಯಿಂದ ಒಂದೊಂದೇ ಸಾಲನ್ನು ಕತ್ತರಿಸಿ, ಹೊಸ ಹಾಳೆಯ ಮೇಲೆ ಊರಿನ ಪ್ರಕಾರ ಅಂಟಿಸಿಬಿಟ್ಟರು. ಅಷ್ಟಕ್ಕೇ ಬಿಡಲಿಲ್ಲ. ಹಳೆಯ ಸಂಖ್ಯೆಗಳು ಹಿಂದೆ ಮುಂದೆ ಕಾಣುತ್ತವೆಂದು ಅವನ್ನೂ ಕತ್ತರಿಸಿ ಎಸೆದು, ಮೇಲಿನಿಂದ ಕೆಳಗೆ ಹೊಸದಾಗಿ ಒಂದು, ಎರಡು ಎಂದು ಬರೆದರು. ಬಲಗಡೆಯ ಹಾಳೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಬೆಳಿಗ್ಗೆ ನರ್ಸ್ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಸಾಲಿಗೆ ಸಾಲು ಕೂಡಿತು. ಖಾಲಿ ಜಾಗವಿಲ್ಲ, ಹೆಚ್ಚುಕಡಿಮೆಯಿಲ್ಲ, ನೋಡಲು ಅಚ್ಚುಕಟ್ಟು. ಈ ಕೆಲಸದಲ್ಲಿ ಅತಿ ಕೆಟ್ಟ ತಪ್ಪು ಇಂಥದ್ದೇ, ಏಕೆಂದರೆ ಅದು ತಪ್ಪಿನ ಹಾಗೆ ಕಾಣುವುದಿಲ್ಲ. ನರ್ಸ್ ಪಟ್ಟಿ ನೋಡುತ್ತ, ಆಪರೇಷನ್ನಿಗೆ ಮುಂಚೆ ಹಾಕುವ ಔಷಧಿಯ ಹನಿಗಳನ್ನು ಸಾಲಾಗಿ ಕಣ್ಣಿಗೆ ಬಿಡುತ್ತ ಬಂದಳು. ಘಾಟಬೋರಾಳದ ತುಳಜಮ್ಮನ ಹತ್ತಿರ ಬಂದಾಗ ಗಲಾಟೆ ಶುರುವಾಯಿತು.

ತುಳಜಮ್ಮ ಕೂಲಿ ಮಾಡುವ ಹೆಂಗಸು, ಐವತ್ತು ದಾಟಿರಬೇಕು. ತೊಗರಿಬೇಳೆಯ ಹರಳು ಆರಿಸುವುದರಲ್ಲಿ ಊರಿಗೇ ಮುಂದು ಎಂದು ಜೊತೆಯವರು ಹೇಳುತ್ತಿದ್ದರು. ಈಗ ಅವಳಿಗೆ ಬೆಳಕು, ನೆರಳು ಬಿಟ್ಟರೆ ಏನೂ ಕಾಣದು. ನೌಕರಿಯ ಹೆಂಗಸರನ್ನೆಲ್ಲ ನಮ್ಮ ಕಡೆ ಬಾಯಿ, ಬಾಯಾರ ಎನ್ನುವುದು, ಅವಳೂ ಹಾಗೆಯೇ ಕೂಗಿದಳು.

"ಏ ಬಾಯಿ, ಆ ಕಣ್ಣಿಗ್ಯಾಕ ಔಷಧ ಹಾಕಾಕತ್ತೀರಿ? ಅದು ನಾ ಸಣ್ಣಾಕಿ ಇದ್ದಾಗ ದೇವಿ ಬ್ಯಾನ್ಯಾಗ ಹೋಗ್ಯಾದರಿ!"

ಸಿಡುಬಿನಿಂದ ಸತ್ತ ಕಣ್ಣು ಅದು. ಅವಸರದಲ್ಲಿ ನೋಡಿದರೆ ಅದರ ಬಿಳುಪೂ ಪೊರೆಯ ಹಾಗೆಯೇ ಕಾಣುತ್ತದೆ. ಮೈಸೂರು ಕಡೆಯ ನರ್ಸ್ ಪಟ್ಟಿಯ ಮೇಲೆ ಬೆರಳಿಟ್ಟು, "ಇಲ್ಲಿ ಬಲಗಣ್ಣು ಅಂತಲೇ ಬರೆದಿದೆ ಕಣಮ್ಮ" ಎಂದಳು.

"ಪಟ್ಟಿಗೇನ ಗೊತ್ತವ್ವಾ? ಕಣ್ಣು ನಂದದ," ಎಂದಳು ತುಳಜಮ್ಮ.

ನಾನು ಓಡಿ ಬಂದು ಪಟ್ಟಿ ಕಸಿದುಕೊಂಡೆ. ಹಿಂದಿನ ದಿನ ಮೊದಲು ಬಂದವನು ಮನ್ನಾಏಖೇಳ್ಳಿಯ ಒಬ್ಬ ಚಹಾ ಅಂಗಡಿಯವನು. ಅವನ ಕೊಳವೆ ಇಟ್ಟಿಗೆ ಕೆಂಪಾದದ್ದು ನನಗೆ ಚೆನ್ನಾಗಿ ನೆನಪಿತ್ತು. ಈಗ ಅವನ ಹೆಸರು ಎಲ್ಲೋ ಕೆಳಗಿತ್ತು, ಎದುರಿಗೆ 'ಸಕ್ಕರೆ ಇಲ್ಲ' ಎಂದಿತ್ತು. ಹಾಳೆಯ ಮೇಲೆ ಕೈಯಾಡಿಸಿದೆ, ಅಂಟಿಸಿದ ಚೂರುಗಳ ಅಂಚು ಬೆರಳಿಗೆ ಸಿಕ್ಕಿತು.

"ಇದನ್ನು ಕತ್ತರಿಸಿದವರು ಯಾರು?" ಎಂದು ಕೂಗಿದೆ.

"ನಾನೇರಿ ಬಾಯಾರ," ಎಂದು ಶಿವರಾಜಪ್ಪ ನಗುತ್ತ ಬಂದರು. "ಊರವಾರು ಬರಾಬರ್ ಮಾಡೀನಿ. ಚಂದ ಆಗ್ಯಾದ ಇಲ್ರಿ?"

"ಹಳೆಯ ನಂಬರುಗಳೆಲ್ಲಿ?"

"ಅವು ನೀರು ಕಾಸೋ ಒಲಿಗೆ ಹೋದ್ವಲ್ರಿ."

ನಾನು ಏನಂದೆನೋ ಇಲ್ಲಿ ಬರೆಯುವುದಿಲ್ಲ. ಅವರ ಮುಖ ಸುಣ್ಣದಂತೆ ಬಿಳುಚಿತು. ಸರ್ಜನ್ನರು ಕೈ ತೊಳೆಯುವುದನ್ನು ನಿಲ್ಲಿಸಿ ಎಲ್ಲವನ್ನೂ ಕೇಳಿಕೊಂಡರು. ಆಮೇಲೆ, "ಈ ಕಾಗದ ನಂಬಿ ನಾ ಯಾರ ಕಣ್ಣಿಗೂ ಚಾಕು ಹಚ್ಚಂಗಿಲ್ಲ. ಮಧ್ಯಾಹ್ನದೊಳಗ ಸರಿ ಪಟ್ಟಿ ಕೊಡ್ರಿ, ಇಲ್ಲಾಂದ್ರ ಎಲ್ಲಾರ್ನೂ ಮನಿಗೆ ಕಳಸ್ರಿ" ಎಂದರು. ಮುಂದಿನ ಶಿಬಿರ ಇನ್ನೊಂದು ವರ್ಷಕ್ಕೆ. ಅಷ್ಟು ಜನ ಇನ್ನೊಂದು ವರ್ಷ ಗೋಡೆ ತಡವುತ್ತ ಓಡಾಡಬೇಕಾಗಿತ್ತು.

ಹಳೆಯದನ್ನು ಜೋಡಿಸಲು ಹೋದರೆ ಅರ್ಧ ಊಹೆ, ಅರ್ಧ ನೆನಪು. ಎರಡೂ ಬೇಡವೆಂದು ಮೊದಲಿನಿಂದ ಶುರು ಮಾಡಿದೆ. ಈ ಸಲ ಸಂಖ್ಯೆಯನ್ನು ಹಾಳೆಗಲ್ಲ, ಮನುಷ್ಯರಿಗೆ ಕೊಟ್ಟೆ. ಪ್ಲಾಸ್ಟರ್ ತುಂಡಿನ ಮೇಲೆ ಬರೆದು ಮಣಿಕಟ್ಟಿಗೆ ಅಂಟಿಸಿದೆ. ಅದೇ ಸಂಖ್ಯೆ ಮೂತ್ರದ ಸೀಸೆಯ ಮೇಲೆ, ಎಡ ಹಾಳೆಯ ಮೇಲೆ, ಬಲ ಹಾಳೆಯ ಮೇಲೆ. ಹಾಳೆಗಳು ಬೇರೆಯಾದರೂ ಸಾಲು ಅನಾಥವಾಗಬಾರದು.

ಕೊಳವೆ ಕಾಯಿಸಲು ಶಾಲೆಯ ಪ್ರಯೋಗಾಲಯದ ಸ್ಪಿರಿಟ್ ದೀಪಗಳು ಬಂದವು. "ಮುಂಜಾನಿನೇ ಹೋಗೀನಲ್ಲ, ಮತ್ತ ಎಲ್ಲಿಂದ ತರಲಿ?" ಎಂದು ಗಂಡಸರು ಗೊಣಗಿದರು, ತಂಬಿಗೆಗಟ್ಟಲೆ ನೀರು ಕುಡಿಸಿದೆವು. ಹಾಳೆಯ ಒಂದು ಮನೆಯಲ್ಲಿ, ಅಂದರೆ ಗೆರೆಗಳ ನಡುವಿನ ಒಂದು ಚೌಕದಲ್ಲಿ, ಒಂದೇ ವಿಷಯ ಬರೆಯಬೇಕು ಎಂದು ಸಹಾಯಕರಿಗೆ ಹೇಳಿದೆ. ಹಿಂದಿನ ದಿನ ಯಾರೋ 'ಬಲ, ಸಕ್ಕರೆ ಸ್ವಲ್ಪ' ಎಂದು ಎರಡನ್ನೂ ಒಂದೇ ಮನೆಯಲ್ಲಿ ತುರುಕಿದ್ದರು. ಪರೀಕ್ಷೆ ಆಗದಿದ್ದರೆ 'ಆಗಿಲ್ಲ' ಎಂದೇ ಬರೆಯಬೇಕು, ಖಾಲಿ ಬಿಡಬಾರದು. ಖಾಲಿ ಮನೆಯನ್ನು ಅವಸರದಲ್ಲಿದ್ದವನು ತನಗೆ ಬೇಕಾದ ಹಾಗೆ ಓದುತ್ತಾನೆ. ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ ಶಿವರಾಜಪ್ಪನವರಿಗೂ ಕೆಲಸ ಕೊಟ್ಟೆ. ಮೂಲ ಪಟ್ಟಿ ನನ್ನ ಹತ್ತಿರವೇ ಇರುತ್ತದೆ, ಊರಿನ ಪ್ರಕಾರ ಬೇಕಾದರೆ ಸಂಖ್ಯೆ ಸಮೇತ ನಕಲು ಮಾಡಿಕೊಳ್ಳಿ, ಆ ನಕಲನ್ನು ಎಷ್ಟು ಬೇಕಾದರೂ ಕತ್ತರಿಸಿ ಎಂದೆ. ಅವರು ಮರುಮಾತಾಡದೆ ಕೂತು ಬರೆದರು, ಅಕ್ಷರ ಮಾತ್ರ ಮುತ್ತಿನ ಹಾಗಿತ್ತು.

ಸಮಯ ಓಡುತ್ತಿತ್ತು, ನಾನೂ ಓಡುತ್ತಿದ್ದೆ. ಸರ್ಜನ್ನರು ಪ್ರತಿಯೊಬ್ಬರ ಕಣ್ಣನ್ನೂ ತಾವೇ ಮತ್ತೆ ನೋಡಿದರು. ಕೊನೆಗೆ ಒಂದು ಕೆಲಸ ಉಳಿಯಿತು. ಪ್ರತಿಯೊಬ್ಬರ ಮುಂದೆ ನಿಂತು, ಮಣಿಕಟ್ಟಿನ ಸಂಖ್ಯೆ ನೋಡಿ, ಅವರ ಇಡೀ ಸಾಲನ್ನು ಅವರಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ. ಅವರು ಹೌದ್ರಿ ಎಂದ ಮೇಲೆಯೇ ಮುಂದಕ್ಕೆ ಹೋಗುವುದು.

ಹಾಗೆ ಓದುತ್ತ ತುಳಜಮ್ಮನ ಬಳಿ ಬಂದೆ. ಎಡಗಣ್ಣು ಎಂದು ಸರಿಯಾಗಿಯೇ ಇತ್ತು. ಸಕ್ಕರೆಯ ಮನೆಯಲ್ಲಿ 'ಇಟ್ಟಿಗೆ ಕೆಂಪು' ಎಂದಿತ್ತು. ನನಗೆ ನಂಬಿಕೆಯಾಗದೆ ಇನ್ನೊಂದು ಕೊಳವೆ ಕಾಯಿಸಿದೆ. ನೀಲಿ ನೋಡನೋಡುತ್ತ ಹಸಿರಾಯಿತು, ಹಳದಿಯಾಯಿತು, ಮತ್ತೆ ಅದೇ ಕೆಂಪು. ಬೆಳಗಿನ ತಪ್ಪು ಪಟ್ಟಿಯಲ್ಲಿ ಅವಳಿಗೆ ಸಕ್ಕರೆ ಇರಲಿಲ್ಲ.

"ಅಂದ್ರ ಏನ್ರಿ?" ಎಂದಳು.

"ಇವತ್ತು ನಿನಗೆ ಆಪರೇಷನ್ ಇಲ್ಲಮ್ಮ."

ಅವಳು ಮಣಿಕಟ್ಟಿನ ಪ್ಲಾಸ್ಟರನ್ನು ಬೆರಳಿನಿಂದ ತಡವಿದಳು. "ನಾ ಬಾಯಿ ಮುಚ್ಕೊಂಡಿದ್ರ ಆಗ್ತಿತ್ತಿಲ್ಲ?"

"ಆಗುತ್ತಿತ್ತು. ಇರುವ ಒಂದು ಕಣ್ಣೂ ಹೋಗಬಹುದಿತ್ತು."

"ಈಗೇನ ಕಾಣಾಕತ್ತದಾ ಅದು?" ಎಂದು ತಿರುಗಿ ಕೇಳಿದಳು.

ನಾನು ಮುಂದಿನವರ ಸಾಲು ಓದಲು ಹೋದೆ. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಒಪ್ಪಿಸಿದೆ, ಶಿಬಿರ ಉಳಿಯಿತು, ಎಲ್ಲರೂ ನನ್ನನ್ನು ಹೊಗಳಿದರು. ಚಹಾ ಅಂಗಡಿಯವನೂ ಗುಳಿಗೆ ಹಿಡಿದು ಮನ್ನಾಏಖೇಳ್ಳಿಯ ಬಸ್ಸು ಹತ್ತಿದ. ಅಷ್ಟೂ ಜನರನ್ನು ಉಳಿಸಿದ ಹೆಂಗಸು ಮಾತ್ರ ಜೊತೆಗೆ ಬಂದಿದ್ದ ಸೊಸೆಯ ಕೈ ಹಿಡಿದು, ಬಂದ ಹಾಗೆಯೇ ಘಾಟಬೋರಾಳದ ದಾರಿ ಹಿಡಿದಳು. ಆ ದಿನ ನನಗೆ ಊಟ ಸೇರಲಿಲ್ಲ.

ಆಮೇಲೆ ನಾನು ಅವಳ ಬೆನ್ನು ಬಿಡಲಿಲ್ಲ. ಡಾಕ್ಟರು ಕೊಟ್ಟ ಗುಳಿಗೆಗೆ ತಿಂಗಳು ತಿಂಗಳು ಹುಮನಾಬಾದಿಗೆ ಬರಬೇಕಿತ್ತು. ಬಾರದಿದ್ದರೆ ಆ ಕಡೆ ಹೋಗುವ ಆರೋಗ್ಯ ಸಹಾಯಕಿಯ ಕೈಯಲ್ಲಿ ಹೇಳಿ ಕಳಿಸುತ್ತಿದ್ದೆ, ಬಂದಾಗ ಗದರುತ್ತಿದ್ದೆ. ಬೆಲ್ಲದ ಚಹಾ ಕುಡಿದೆಯಾ ಎಂದು ಕೊಳವೆ ಹಿಡಿದು ವಿಚಾರಣೆ ಮಾಡುತ್ತಿದ್ದೆ. ಅವಳು ಗೊಣಗುತ್ತಿದ್ದಳು, ಆದರೂ ಬರುತ್ತಿದ್ದಳು. ಕೆಂಪು ಹಳದಿಗೆ ಇಳಿಯಿತು, ಹಳದಿ ಹಸಿರಿಗೆ. ಮರುವರ್ಷ ಬಸವಕಲ್ಯಾಣದಲ್ಲಿ ಶಿಬಿರ ನಡೆದಾಗ ಅವಳ ಕೊಳವೆ ನೀಲಿಯಾಗಿಯೇ ಉಳಿಯಿತು. ಆಪರೇಷನ್ನಿಗೆ ಮುಂಚೆ ಅವಳ ಸಾಲನ್ನು ಓದಿದೆ. "ಇನ್ನೊಮ್ಮಿ ಓದ್ರಿ ಬಾಯಾರ" ಎಂದಳು. ಇನ್ನೊಮ್ಮೆ ಓದಿದೆ.

ಈಗಿನ ಯಂತ್ರಗಳಲ್ಲಿ ಒಂದು ಗುಂಡಿ ಒತ್ತಿದರೆ ಸಾವಿರ ಸಾಲು ಊರಿನ ಪ್ರಕಾರ ಜೋಡಿಯಾಗುತ್ತವಂತೆ. ಒಳ್ಳೆಯದೇ. ಅರ್ಧ ಹಾಳೆಯನ್ನು ಮಾತ್ರ ಜೋಡಿಸಿ ಇನ್ನರ್ಧವನ್ನು ಮರೆತರೆ ಅದೇ ಗುಂಡಿಗೆ ಸಾವಿರ ಜನರ ಸಾಲು ತಪ್ಪುತ್ತದೆ, ಕತ್ತರಿಯ ಸದ್ದೂ ಕೇಳುವುದಿಲ್ಲ. ಸಂಖ್ಯೆ ಕೊಡಿ, ಮೂಲವನ್ನು ಮುಟ್ಟಬೇಡಿ, ಖಾಲಿ ಬಿಡಬೇಡಿ. ಇದಿಷ್ಟು ಯಾರಾದರೂ ಕಲಿಸುತ್ತಾರೆ. ಈ ಕೆಲಸ ನನಗೆ ಕಲಿಸಿದ್ದು ಇನ್ನೊಂದು. ಸಾಲು ಯಾರದ್ದೋ ಅವರ ಎದುರು ಅದನ್ನು ಒಮ್ಮೆ ಓದಬೇಕು, ಓದಿದ ಮೇಲೂ ಅವರ ಕೈ ಬಿಡಬಾರದು.

ಬಸವಕಲ್ಯಾಣದಲ್ಲಿ ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಹಾಕಿದ ದಿನ ನಾನು ಮಂಚದ ಹತ್ತಿರ ನಿಲ್ಲಲಾರದೆ ನಿಂತಿದ್ದೆ. ತುಳಜಮ್ಮ ಗೋಡೆ ನೋಡಿದಳು, ತನ್ನ ಬೆರಳು ನೋಡಿಕೊಂಡಳು, ಸೊಸೆಯ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀ ಯಾರವ್ವ?" ಎಂದಳು. ಬಾಯಿ ತೆರೆದು ಹೇಳಿದೆ. ದನಿಯ ಗುರುತು ಸಿಕ್ಕಿತು. ನನ್ನನ್ನು ತಲೆಯಿಂದ ಕಾಲಿನವರೆಗೆ, ಕಾಲಿನಿಂದ ತಲೆಯವರೆಗೆ ನೋಡಿದಳು.

"ಯವ್ವಾ! ನಿನ್ನ ಬಾಯಿ ಜೋರು ಕೇಳಿ ಆಳೆತ್ತರ ಇರ್ತೀಯಂತ ವರ್ಷಪೂರಾ ಅಂಜಿ ಗುಳಗಿ ನುಂಗೀನಿ. ಇಷ್ಟೇ ಇದ್ದೀಯೇನ ನೀ?"